ಕಿವಿಯ ಅಂಚಿನಲ್ಲಿ ಗೌಟ್ ಗಂಟು: ಇದು ಇಲ್ಲಿಗೆ ಹೇಗೆ ಬಂತು?

ಗೌಟ್ ಅಂದರೆ ಕಾಲಿನ ಹೆಬ್ಬೆರಳು ಊದಿ, ಹೊದಿಕೆ ತಗುಲಿದರೂ ಜೀವ ಹೋಗುವಂಥ ನೋವು. ಇಷ್ಟು ಬೆಂಗಳೂರಿನಲ್ಲಿ ಈಗ ತುಂಬಾ ಜನರಿಗೆ ಗೊತ್ತು. ಹೆಲ್ತ್ ಚೆಕಪ್ ರಿಪೋರ್ಟ್ ಬಂದರೆ ಯೂರಿಕ್ ಆಸಿಡ್ (ರಕ್ತದಲ್ಲಿರುವ ಒಂದು ತ್ಯಾಜ್ಯ, ಹೆಚ್ಚಾದರೆ ಹರಳಾಗಿ ಕೂತು ಗೌಟ್ ತರುತ್ತದೆ) ಎಷ್ಟಿದೆ ಅಂತಲೂ ನೋಡುತ್ತಾರೆ. ಆದರೆ ಅದೇ ಕಾಯಿಲೆ ಕಿವಿಯ ಅಂಚಿನಲ್ಲಿ ಗಂಟಾಗಿ ಕೂರುತ್ತದೆ ಅಂದರೆ ನಂಬುವುದು ಕಷ್ಟ. ಅದು ನೋಯುವುದೂ ಕಡಿಮೆ. ಹಾಗಾಗಿ ಚರ್ಮದ ಡಾಕ್ಟರು, ಇಎನ್‌ಟಿ, ಸರ್ಜನ್ ಅಂತ ಸುತ್ತಾಟ ನಡೆಯುತ್ತದೆ, ಕಾಲುನೋವಿನ ಫೈಲ್ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಟೋಫಸ್ ಎನ್ನುವ ಈ ಗಂಟು ಹೊಸದೇನಲ್ಲ. 1679ರಲ್ಲಿ ಡಚ್ ಸೂಕ್ಷ್ಮದರ್ಶಕ ತಜ್ಞ ಲೀವೆನ್‌ಹುಕ್ ಇಂಥ ಗಂಟಿನ ಬಿಳಿ ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಸೂಜಿಯಂಥ ಹರಳು ಕಂಡ, 1797ರಲ್ಲಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ವೊಲಾಸ್ಟನ್ ಅದು ಯೂರಿಕ್ ಆಸಿಡ್‌ನ ಲವಣ ಎಂದು ತೋರಿಸಿದ, 1848ರಲ್ಲಿ ಇಂಗ್ಲಿಷ್ ಡಾಕ್ಟರ್ ಗ್ಯಾರಡ್ ಗೌಟ್ ರೋಗಿಗಳ ರಕ್ತದಲ್ಲೇ ಯೂರಿಕ್ ಆಸಿಡ್ ಹಿಡಿದ.

ಕಿವಿಯೇ ಯಾಕೆ? ದೇಹದ ಬಿಸಿಯಲ್ಲಿ, ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ ಸುಮಾರು 6.8 ಮಿಲಿಗ್ರಾಂವರೆಗೆ ಯೂರಿಕ್ ಆಸಿಡ್ ಕರಗಿರುತ್ತದೆ. ತಂಪು ಜಾಗದಲ್ಲಿ ಅಷ್ಟೂ ಕರಗುವುದಿಲ್ಲ. ಡಿಸೆಂಬರಿನಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ. ಕಿವಿಯ ಅಂಚು ಮೈಗಿಂತ ತಣ್ಣಗಿರುತ್ತದೆ, ಹರಳು ಅಲ್ಲೇ ಕೂರುತ್ತದೆ. ಮೂಗಿನ ದಿಬ್ಬ, ದವಡೆಯ ಕೀಲು, ಕತ್ತಿನ ಮೂಳೆಯ ಹತ್ತಿರವೂ ಕಂಡಿದ್ದುಂಟು, ಆದರೆ ಅಪರೂಪ. ಕಿವಿಯ ಒಳಭಾಗದಲ್ಲಿ ಕೂತರೆ ಕೇಳಿಸುವುದು ಕಮ್ಮಿಯಾಗಬಹುದು. ಧ್ವನಿಪೆಟ್ಟಿಗೆಯಲ್ಲಾದರೆ ಸ್ವರ ಒಡೆಯುತ್ತದೆ, ಕ್ಯಾನ್ಸರ್ ಇರಬಹುದಾ ಅಂತ ಮನೆಯವರೆಲ್ಲ ಹೆದರುತ್ತಾರೆ.

ಇಲ್ಲೊಂದು ಸಣ್ಣ ವಿಷಯ, ಆದರೆ ಮುಖ್ಯ. ಗಂಟಿನ ತುಂಡನ್ನು ಮಾಮೂಲಿನಂತೆ ಫಾರ್ಮಲಿನ್ (ತುಂಡು ಕೆಡದಂತೆ ಇಡುವ ನೀರು ಬೆರೆಸಿದ ದ್ರಾವಣ) ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದರೆ ಹರಳು ಕರಗಿಹೋಗುತ್ತದೆ. ಸ್ಲೈಡಿನಲ್ಲಿ ಹರಳಿದ್ದ ಜಾಗ ಮಾತ್ರ ಉಳಿಯುತ್ತದೆ. ಅದಕ್ಕೇ ಅದನ್ನು ನೀರಿಲ್ಲದ ಆಲ್ಕೋಹಾಲಿನಲ್ಲಿ ಕಳಿಸಬೇಕು. ಮೈಕ್ರೋಸ್ಕೋಪಿನಡಿ ಪೋಲರೈಸ್ಡ್ ಬೆಳಕಿನಲ್ಲಿ (ಫಿಲ್ಟರ್ ಹಾಯಿಸಿ ಒಂದೇ ದಿಕ್ಕಿಗೆ ಕಂಪಿಸುವಂತೆ ಮಾಡಿದ ಬೆಳಕು) ಹರಳು ಒಂದು ದಿಕ್ಕಿಗೆ ಹಳದಿ, ಅಡ್ಡ ತಿರುಗಿಸಿದರೆ ನೀಲಿ. ಈ ಪರೀಕ್ಷೆ ಬಂದಿದ್ದು 1961ರಲ್ಲಿ. ಡಾಕ್ಟರಿಗೆ ಮೊದಲೇ "ಗೌಟ್ ಇದೆ" ಅಂತ ಒಂದು ಮಾತು ಹೇಳಿದ್ದರೆ ಎಷ್ಟೋ ಓಡಾಟ ತಪ್ಪುತ್ತದೆ.

ಅಮೆರಿಕದಲ್ಲಿ 1966ರಲ್ಲಿ ಅಲೋಪ್ಯೂರಿನಾಲ್‌ಗೆ ಒಪ್ಪಿಗೆ ಸಿಕ್ಕಿತು. ಯೂರಿಕ್ ಆಸಿಡ್ ಇಳಿಸುವ ಮಾತ್ರೆ, ಇವತ್ತಿಗೂ ಬೆಲೆ ಕಮ್ಮಿ. ಹಾಗಿದ್ದರೂ ಗಂಟು ಯಾಕೆ ಬರುತ್ತಿದೆ? ನನ್ನ ಪ್ರಕಾರ ಸಿಕ್ಕು ಇರೋದೇ ಇಲ್ಲಿ. ನೋವು ಬಂದಾಗ ಪೇನ್‌ಕಿಲ್ಲರ್, ನೋವು ಹೋದರೆ ಎಲ್ಲ ಬಂದ್. ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಹಳೇ ಹರಳು ಕರಗುವಾಗ ನೋವು ಜಾಸ್ತಿ ಬರಬಹುದು. ಇದನ್ನು ಮೊದಲೇ ಕೂರಿಸಿ ಹೇಳದಿದ್ದರೆ "ಈ ಮಾತ್ರೆ ನನಗೆ ಆಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಮೈಮೇಲೆ ದದ್ದು ಬಂದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು, ಅದು ಬೇರೆ ವಿಷಯ. ಇನ್ನೊಂದು ಗೊಂದಲ, ನೋವು ಜೋರಾಗಿರುವಾಗಲೇ ಟೆಸ್ಟ್ ಮಾಡಿಸಿದರೆ ಯೂರಿಕ್ ಆಸಿಡ್ ನಾರ್ಮಲ್ ಅಂತ ಬರಬಹುದು. "ಅಯ್ಯೋ ಸದ್ಯ, ಗೌಟ್ ಅಲ್ಲ" ಅಂತ ಅಲ್ಲಿಗೆ ಬಿಡುತ್ತಾರೆ.

ಊಟದ ಸಲಹೆಯೂ ಎಲ್ಲೆಲ್ಲೋ ಹೋಗಿದೆ. ಬೇಳೆ, ಪಾಲಕ್ ಬಿಟ್ಟು ತಿಳಿಸಾರಿಗೆ ಇಳಿದವರಿದ್ದಾರೆ, ಬಿಯರ್ ಮಾತ್ರ ಬಿಟ್ಟಿಲ್ಲ. 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಗೌಟ್ ಜಾಸ್ತಿ ಕಂಡಿದ್ದು ಮಾಂಸ ಮತ್ತು ಮೀನು ಹೆಚ್ಚು ತಿನ್ನುವವರಲ್ಲಿ. ಕಾಳು, ಸೊಪ್ಪಿನಿಂದ ಅಪಾಯ ಹೆಚ್ಚಲಿಲ್ಲ. ಲಿವರ್ ಫ್ರೈ, ಬೋಟಿ, ಬಿಯರ್, ಸಿಹಿ ಕೂಲ್‌ಡ್ರಿಂಕ್ಸ್ ಕಡಿಮೆ ಮಾಡಿ. ಸಾರಿನ ಬೇಳೆ ಏನೂ ಮಾಡಿಲ್ಲ.

ಕಿವಿಯ ಗಂಟನ್ನು ಕತ್ತರಿಸಲೇಬೇಕು ಅಂತಿಲ್ಲ. ಗಂಟಿದ್ದವರಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಹಿಡಿದಿಟ್ಟರೆ ಅದು ತಾನಾಗಿ ಕರಗುತ್ತಾ ಬರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತದೆ. ಕೀವಾದರೆ, ನರ ಒತ್ತಿದರೆ, ಕಿವಿ ಕೇಳಿಸದಿದ್ದರೆ ಆಪರೇಷನ್ ಬೇಕಾಗಬಹುದು, ಆದರೆ ಅದಾದ ಮೇಲೂ ಮಾತ್ರೆ ಮುಂದುವರಿಸಬೇಕು.