ಹಗಲು ಹೊತ್ತು ಸಪ್ತರ್ಷಿಗಳು ಎಲ್ಲಿ?

ಮಳೆ ಜೋರಾದರೆ ಸಾಕು, ನಮ್ಮ ಪತ್ರಿಕೆಗಳಲ್ಲಿ ‘ವರುಣನ ಆರ್ಭಟ’ ಶುರುವಾಗುತ್ತದೆ. ಋಗ್ವೇದದ ವರುಣ ಬರೀ ಮಳೆನೀರಿನ ದೇವರಲ್ಲ. ಅವನು ಇಡೀ ಆಕಾಶದ ಒಡೆಯ. ಸೂರ್ಯನಿಗೆ ದಾರಿ ಮಾಡಿಕೊಟ್ಟವನು. ಅವನ ಗೂಢಚಾರರು ಸುತ್ತ ಕೂತು ಎಲ್ಲವನ್ನೂ ನೋಡುತ್ತಿರುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಮೊದಲ ಮಂಡಲದ 24ನೇ ಸೂಕ್ತ. ಇದನ್ನು ಹಾಡಿದವನು ಶುನಃಶೇಪ ಎನ್ನುತ್ತದೆ ಸಂಪ್ರದಾಯ. ಬಲಿಗಂಬಕ್ಕೆ ಕಟ್ಟಿಹಾಕಿದ್ದ ಹುಡುಗ. ಕಟ್ಟು ಬಿಚ್ಚು ಎಂದು ವರುಣನನ್ನು ಬೇಡುವ ಆ ಹಾಡಿನ ನಡುವೆ ಒಂದು ಪ್ರಶ್ನೆ ಇದೆ: ಮೇಲೆ ಎತ್ತರದಲ್ಲಿ ಇಟ್ಟಿರುವ ಈ ಋಕ್ಷಗಳು ರಾತ್ರಿ ಕಾಣುತ್ತವೆ, ಹಗಲು ಎಲ್ಲಿಗೆ ಹೋಗುತ್ತವೆ? ಸಪ್ತರ್ಷಿಗಳಿಗೆ ಹಿಂದೆ ಇದ್ದ ಹೆಸರೇ ಋಕ್ಷ ಎಂದು ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥ ಹೇಳುತ್ತದೆ.

ಅಷ್ಟೊಂದು ನಕ್ಷತ್ರಗಳಿರುವಾಗ ಇವುಗಳ ಬಗ್ಗೆಯೇ ಯಾಕೆ ಕೇಳಬೇಕು? ನನಗೆ ತೋಚುವ ಕಾರಣ ಇದು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತಿನಂತೆ ನಿಧಾನವಾಗಿ ದಿಕ್ಕು ಬದಲಿಸುತ್ತದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಸಪ್ತರ್ಷಿ ಮಂಡಲ ಆಕಾಶದ ಉತ್ತರ ಧ್ರುವಕ್ಕೆ ಈಗಿಗಿಂತ ಹತ್ತಿರವಿತ್ತು. ಈಗ ಬೆಂಗಳೂರಿನಿಂದ ನೋಡಿದರೆ ಅದು ಹುಟ್ಟಿ ಮುಳುಗುತ್ತದೆ. ಋಗ್ವೇದದ ಋಷಿಗಳಿದ್ದ ಆಗಿನ ಪಂಜಾಬಿನಲ್ಲಿ ಅದು ಮುಳುಗುತ್ತಲೇ ಇರಲಿಲ್ಲ, ಧ್ರುವದ ಸುತ್ತ ತಿರುಗುತ್ತಲೇ ಇತ್ತು. ಬೇರೆ ನಕ್ಷತ್ರಗಳು ಪಡುವಣಕ್ಕೆ ಇಳಿದು ಹೋಗುತ್ತವೆ, ಸರಿ. ಮುಳುಗದೇ ಇರುವವು ಬೆಳಗಾದ ಕೂಡಲೇ ಮಾಯವಾದರೆ? ರಾತ್ರಿಯೆಲ್ಲ ಆಕಾಶ ನೋಡಿದವರಿಗೆ ಮಾತ್ರ ಹುಟ್ಟುವ ಪ್ರಶ್ನೆ ಇದು, ಅಲ್ವಾ?

ಅವು ಎಲ್ಲಿಗೂ ಹೋಗಿರುವುದಿಲ್ಲ. ಗಾಳಿಯ ಕಣಗಳು ಬಿಸಿಲನ್ನು ಎಲ್ಲ ಕಡೆ ಚದುರಿಸುತ್ತವೆ. ಆ ಬೆಳಕಿನಲ್ಲಿ ನಕ್ಷತ್ರದ ಮಿಣುಕು ನಮ್ಮ ಕಣ್ಣಿಗೆ ಸಿಗುವುದಿಲ್ಲ. ಗಾಳಿಯೇ ಇಲ್ಲದ ಚಂದ್ರನ ಮೇಲೆ ಹಗಲಲ್ಲೂ ಆಕಾಶ ಕಪ್ಪು. ಋಷಿಗೆ ಗಾಳಿಯ ಈ ಕೆಲಸ ಗೊತ್ತಿರಲಿಲ್ಲ. ಆದರೂ ಅವನು ಮುಂದೆ ಹೇಳುವ ಮಾತು ಗಟ್ಟಿಯಾಗಿದೆ: ವರುಣನ ನಿಯಮಗಳು ತಪ್ಪುವುದಿಲ್ಲ.

ಮುಂದಿನ ಸೂಕ್ತದಲ್ಲಿ ವರುಣನಿಗೆ ಹನ್ನೆರಡು ತಿಂಗಳು ಗೊತ್ತು, ಜೊತೆಗೆ ಹುಟ್ಟುವ ಇನ್ನೊಂದೂ ಗೊತ್ತು ಎಂದಿದೆ. ಅದು ಹದಿಮೂರನೆಯ ತಿಂಗಳು ಎನ್ನುತ್ತಾರೆ ವಿದ್ವಾಂಸರು. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ ಅದಕ್ಕಿಂತ 11 ದಿನ ಜಾಸ್ತಿ. ಸುಮ್ನೆ ಬಿಟ್ಟರೆ ಹಬ್ಬಗಳೆಲ್ಲ ಋತು ತಪ್ಪುತ್ತವೆ. ಅದಕ್ಕೇ ಎರಡೂವರೆ ಮೂರು ವರ್ಷಕ್ಕೊಮ್ಮೆ ಪಂಚಾಂಗಕ್ಕೆ ಒಂದು ತಿಂಗಳು ಸೇರಿಸುತ್ತಾರೆ. 2023ರಲ್ಲಿ ನಮಗೆ ಎರಡು ಶ್ರಾವಣ ಬಂದದ್ದು ಹೀಗೇ.