ಅರ್ಜಿಯಲ್ಲಿ ಜೆಸಿಬಿ ಓಡಾಡುವ ಅಗಲವನ್ನೂ ಬರೆಯಿರಿ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಸೆರಗಿನ ಹಟ್ಟಿಗಾಗಲಿ, ಜಗಳೂರು ಕಡೆಯ ತಾಂಡಾಕ್ಕಾಗಲಿ ಕಾಡು ದಾಟಿಸಿ ಕುಡಿಯುವ ನೀರು ತರುವ ಅರ್ಜಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪೈಪ್‌ಲೈನ್ ಉದ್ದ 4,000 ಮೀಟರ್, ಟ್ರೆಂಚ್ ಅಗಲ 1 ಮೀಟರ್, ಬೇಕಾದ ಅರಣ್ಯ ಜಾಗ 0.4 ಹೆಕ್ಟೇರ್ ಎಂದು ಬರೆದು ಮುಗಿಸಿರುತ್ತಾರೆ. ಕೆಲಸ ಶುರುವಾದ ದಿನ ನೋಡಿ: ಜೆಸಿಬಿಯ ಚಕ್ರಗಳು ಟ್ರೆಂಚಿನ ಎರಡೂ ಬದಿಯ ನೆಲ ಹಿಡಿಯುತ್ತವೆ, ತೆಗೆದ ಮಣ್ಣು ಪಕ್ಕಕ್ಕೆ ಬೀಳುತ್ತದೆ, ಅಡ್ಡ ಬಂದ ಕಮರ, ದಿಂಡಿಗದ ಸಸಿಗಳು ನೆಲಕಚ್ಚುತ್ತವೆ. ಒಟ್ಟು 4 ಮೀಟರ್ ಹಿಡಿದರೂ ಅದೇ ಮಾರ್ಗ 1.6 ಹೆಕ್ಟೇರ್.

ಈ ಲೆಕ್ಕದ ಮೇಲೆಯೇ ಅನುಮತಿ ನಿಂತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ, ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಜಾಗ ಬಳಸಲು 1980ರ ಅರಣ್ಯ (ಸಂರಕ್ಷಣೆ) ಕಾಯ್ದೆಯಡಿ ಬೇಕಾದ ಕೇಂದ್ರ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಕುಡಿಯುವ ನೀರಿನ ಪೈಪು, ಸಣ್ಣ ಕೆರೆ, ಮಳೆನೀರು ಕೊಯ್ಲು ಎಲ್ಲ ಅದರಲ್ಲಿವೆ. ಆದರೆ ಜಾಗ 1 ಹೆಕ್ಟೇರ್‌ಗಿಂತ ಕಡಿಮೆ ಇರಬೇಕು, ಕಡಿಯುವ ಮರ ಹೆಕ್ಟೇರ್‌ಗೆ 75 ಮೀರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. 75 ಎಂಬುದು ಹೆಕ್ಟೇರ್‌ ಲೆಕ್ಕ; 0.4 ಹೆಕ್ಟೇರ್‌ಗೆ 30 ಮರ ಮಾತ್ರ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನೀರು ಹೊರುವವರೇ ಅವರಾದ್ದರಿಂದ ಈ ಕೋರಂ ಕಾಟಾಚಾರಕ್ಕೆ ಆಗಬಾರದು.

1.6 ಬಂತೆಂದು ಟ್ಯಾಂಕಿಗೊಂದು, ಪೈಪಿಗೆರಡು ಎಂದು ಅರ್ಜಿ ಒಡೆಯುವವರಿದ್ದಾರೆ. ದಯವಿಟ್ಟು ಬೇಡ, ಒಂದೇ ಕಾಮಗಾರಿಯನ್ನು ಹೀಗೆ ತುಂಡು ಮಾಡಿದ್ದು ಪ್ರಶ್ನೆಗೆ ಬಂದರೆ ಅನುಮತಿಯೇ ಅಲುಗಾಡಬಹುದು. ಕೆಲಸದ ರೀತಿ ಬದಲಿಸಿ. ಎರಡು ಮೂರು ಇಂಚಿನ ಪೈಪಿಗೆ ಅರ್ಧ ಮೀಟರ್ ಅಗಲ ಸಾಕು. ಹಾರೆ, ಸಲಿಕೆಯಲ್ಲಿ ಅಗೆದು ಮಣ್ಣನ್ನು ಒಂದೇ ಬದಿಗೆ ಹಾಕಿದರೆ 2 ಮೀಟರ್‌ನಲ್ಲಿ ಕೆಲಸ ಮುಗಿಯುತ್ತದೆ, ಒಟ್ಟು 0.8 ಹೆಕ್ಟೇರ್. ಕೂಲಿ ಹೆಚ್ಚಾಗುತ್ತದೆ, ಹೌದು. ಆ ಖರ್ಚನ್ನು ಅಂದಾಜುಪಟ್ಟಿಯಲ್ಲೇ ತೋರಿಸಿ.

ಇನ್ನು ಅನುಮತಿ ಕೊಡುವವರ ಹೊಣೆ. ವಲಯ ಅರಣ್ಯಾಧಿಕಾರಿ ಮೂರು ವಾರದೊಳಗೆ ಸ್ಥಳ ನೋಡಿ ವರದಿ ಕೊಡಬೇಕು, ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ) ನಾಲ್ಕು ವಾರದಲ್ಲಿ ತೀರ್ಮಾನಿಸಬೇಕು. ‘ಪರಿಸರಕ್ಕೆ ಧಕ್ಕೆಯಾಗದಂತೆ ಕೆಲಸ ಮಾಡುವುದು’ ಎಂಬ ಒಂದು ಸಾಲಿನ ಷರತ್ತಿನಿಂದ ಗುತ್ತಿಗೆದಾರನಿಗೆ ಏನೂ ತಿಳಿಯುವುದಿಲ್ಲ. ಷರತ್ತು ಹೀಗಿರಲಿ: ಆ ದಿನವೇ ಮುಚ್ಚಲಾಗುವಷ್ಟು ಉದ್ದ ಮಾತ್ರ ಅಗೆಯಬೇಕು. ರಾತ್ರಿ ತೆರೆದಿಟ್ಟ ಟ್ರೆಂಚಿಗೆ ಪ್ರಾಣಿಗಳು ಬೀಳುತ್ತವೆ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕೊನೆಗೆ ಹರಡಬೇಕು. ಬೀಜ, ಬೇರು ಇರುವುದು ಅದರಲ್ಲೇ. ನೆಲಮಟ್ಟದ ತೊಟ್ಟಿಗೆ ಮುಚ್ಚಳ ಇರಬೇಕು, ಇಲ್ಲದಿದ್ದರೆ ಬಿದ್ದ ಪ್ರಾಣಿ ಮೇಲೇರಿ ಬರಲು ಒಳಗೆ ಒಂದು ಇಳಿಜಾರು. ಇಷ್ಟನ್ನು ಆದೇಶದಲ್ಲೇ ಬರೆಯಬಹುದು.

ಜಗಳೂರು ಕಡೆಯ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ ಒಳಗಾದರೆ 1972ರ ವನ್ಯಜೀವಿ ಕಾಯ್ದೆಯ 29ನೇ ಕಲಂ ಅನ್ನೂ ನೋಡಬೇಕು. ಸ್ಥಳೀಯರು ಕುಡಿಯಲು, ಮನೆಬಳಕೆಗೆ ನೀರು ಬಳಸುವುದಕ್ಕೆ ಅದರಲ್ಲಿ ತಡೆಯಿಲ್ಲ. ಹಳ್ಳಕ್ಕೆ ಒಡ್ಡು ಹಾಕಿ ಹರಿವನ್ನೇ ತಿರುಗಿಸುವುದು ಬೇರೆ ಮಾತು, ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ನೀರಿನ ಆಸುಪಾಸಿನಲ್ಲೇ ಬದುಕುವ ಪ್ರಾಣಿ. ಬೇಸಿಗೆಯಲ್ಲಿ ಆ ಹಳ್ಳದ ಮಡು ಬತ್ತಿದರೆ ಅದು ನೀರು ಹುಡುಕಿಕೊಂಡು ಊರಿನ ನಾಯಿಗಳ ಬಾಯಿಗೆ ಬರುತ್ತದೆ.