ಒಂದು ಸಲ ಬಿದ್ದ ಅಮ್ಮನನ್ನು ಕೂರಿಸಿಬಿಡುವುದು ಸರಿಯಾ?

ಪ್ರಶ್ನೆ: ನಮ್ಮಮ್ಮನಿಗೆ 74 ವರ್ಷ. ಯುಗಾದಿ ಕಳೆದ ಮೇಲೆ ಬಚ್ಚಲುಮನೆಯಲ್ಲಿ ಬಿದ್ದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಅವತ್ತಿನಿಂದ ಓಡಾಡಬೇಡಿ ಅಂತ ಊಟ, ಕಾಫಿ ಎಲ್ಲ ಕೂತಲ್ಲಿಗೇ ಕೊಡುತ್ತಿದ್ದೇವೆ. ಆದರೂ ಎದ್ದರೆ ಕಾಲು ನಡುಗುತ್ತೆ ಅಂತಾರೆ. ಏನು ಮಾಡೋದು?
- ಓದುಗರೊಬ್ಬರು, ಮಂಡ್ಯ

ಉತ್ತರ: ಕೂತೇ ಇರುವುದರಿಂದಲೂ ಕಾಲು ಹೀಗೆ ನಡುಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನದಲ್ಲಿ, ಕಾಲಿನ ಮಾಂಸಖಂಡ ಸುಮಾರು 1 ಕೆಜಿಯಷ್ಟು ಕರಗಿತ್ತು. ನೀವು ಪ್ರೀತಿಯಿಂದಲೇ ಕೂರಿಸಿದ್ದೀರಿ, ಗೊತ್ತು. ಆದರೆ ಕಾಲು ಸೋತಷ್ಟೂ ಮತ್ತೆ ಬೀಳುವ ಅಪಾಯ ಜಾಸ್ತಿ.

ಮೊದಲು ಯಾಕೆ ಬಿದ್ದರು ಅಂತ ಅವರನ್ನೇ ಕೇಳಿ. ಜಾರಿತಾ, ತಲೆ ಸುತ್ತಿತಾ, ಕಾಲು ಮಡಚಿಕೊಂಡಿತಾ?

ಮೈಸೂರಿನಲ್ಲಿ ನಮ್ಮಮ್ಮ ರಾತ್ರಿ ಎದ್ದಾಗ ಬಿದ್ದರು. ರೆಡ್ ಆಕ್ಸೈಡ್ ನೆಲ, ಜಾರಿರಬೇಕು ಅಂದುಕೊಂಡೆವು. ಮುಟ್ಟಿ ನೋಡಿದರೆ ನೆಲ ಒಣಗಿತ್ತು. ಡಾಕ್ಟರು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಗಮನಿಸಬೇಕಾದ ವಿಷಯ. ಅಮ್ಮನಿಗೆ ಅಷ್ಟು ಇಳಿದಿತ್ತು. ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳಿಂದ ಹೀಗಾಗಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಈಗ ಅಮ್ಮ ಮಂಚದ ಅಂಚಿನಲ್ಲಿ ಕೂತು, ಕಾಲು ಆಡಿಸುತ್ತಾ ನಂಜುಂಡೇಶ್ವರನನ್ನು ಹತ್ತು ಸಲ ನೆನೆದೇ ಏಳುತ್ತಾರೆ.

ಮಗ್ಗುಲು ಬದಲಿಸಿದಾಗ ಮನೆಯೇ ತಿರುಗಿದಂತಾದರೆ ತೊಂದರೆ ಒಳಕಿವಿಯದ್ದಿರಬಹುದು. ಇದಕ್ಕೆ ಸುಮ್ನೆ ಮಾತ್ರೆ ನುಂಗುತ್ತಾ ಕೂರುವುದು ಬೇಡ. ಎಷ್ಟೋ ಜನಕ್ಕೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿಯೇ ಇದನ್ನು ಸರಿಪಡಿಸುತ್ತಾರೆ. ಕಿವಿ ಡಾಕ್ಟರಿಗೆ ತೋರಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇಂಥವನ್ನೇ ಹೇಳಿಕೊಡುತ್ತಾರೆ. ಒಂದು ವಾರ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಬಚ್ಚಲಿಗೆ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿ ಬೇಕು. ಟವೆಲ್ ಕಂಬಿ ಸಾಲದು, ಮೈಭಾರಕ್ಕೆ ಕಿತ್ತು ಬರುತ್ತದೆ. ರಾತ್ರಿ ದಾರಿಗೆ ಸಣ್ಣ ದೀಪವಿರಲಿ. ಹಳೇ ಸೀರೆ ಮಡಚಿ ಹಾಕಿದ ಕಾಲೊರಸು ಇದ್ದರೆ ಇವತ್ತೇ ತೆಗೆಯಿರಿ.

ಮತ್ತೆ ಬಿದ್ದು ಸೊಂಟ, ತೊಡೆಸಂದು ನೋಯುತ್ತಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಎಬ್ಬಿಸಿ ನಿಲ್ಲಿಸಬೇಡಿ, ಎಣ್ಣೆ ಹಾಕಿ ನೀವಬೇಡಿ. 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ತಲೆಗೆ ಪೆಟ್ಟು ಮಾಡಿಕೊಂಡರೆ, ಚೆನ್ನಾಗಿದ್ದೀನಿ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು.

ಡಾಕ್ಟರು ಓಡಾಡಬಹುದು ಅಂದ ಮೇಲೆ ಕಾಫಿಗೆ ಅಮ್ಮನೇ ಅಡುಗೆಮನೆಗೆ ಬರಲಿ. ಕೈ ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಡೆಯಿರಿ, ಅವರೇ ನಿಮ್ಮ ಮುಂಗೈ ಹಿಡಿದುಕೊಳ್ಳಲಿ.